ಎಣ್ಣೆಗಿಡದ ಗಂಟುಗಳು

ಇದನ್ನು ಹೇಳುವ ಯೋಗ್ಯತೆ ನನಗಿದೆ ಎಂದು ನಾನು ತಿಳಿದಿಲ್ಲ. ಗಿಡಗಳ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಬರೆಯಬಲ್ಲವರು ಅದಕ್ಕಿಂತ ಹೆಚ್ಚು. ಮೇಲಾಗಿ ಇದರಲ್ಲಿ ತಪ್ಪು ಮಾಡಿದವಳು ನಾನೇ ಆದ್ದರಿಂದ, ಹೇಳುವಾಗ ಮಾತು ಎಲ್ಲಿ ನನ್ನ ಕಡೆಗೆ ವಾಲುತ್ತದೋ ಎಂಬ ಭಯವೂ ಇದೆ. ಓದುವವರು ಕ್ಷಮಿಸಬೇಕು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಾನು ಒಂದು ಆರೈಕೆ ಮನೆಯಲ್ಲಿ ಕೆಲಸಕ್ಕಿದ್ದೇನೆ. ಆಸ್ಪತ್ರೆಯಿಂದ ಹೊರಗೆ ಬಂದು, ಆದರೆ ಮನೆಗೆ ಹೋಗುವಷ್ಟು ಇನ್ನೂ ಗಟ್ಟಿಯಾಗದವರು ಅಲ್ಲಿ ತಿಂಗಳೋ ಎರಡು ತಿಂಗಳೋ ಇದ್ದು ಹೋಗುತ್ತಾರೆ. ಆಗ ನನ್ನ ಪಾಲಿಗಿದ್ದದ್ದು ಕೆಳ ಅಂತಸ್ತಿನ ನೆಲ ಮತ್ತು ಕಿಟಕಿಗಳು. ಗಾಜಿನ ಮೇಲೆ ಒಂದು ಬೆರಳಚ್ಚು ಉಳಿದರೂ ನನಗೆ ಊಟ ಸೇರುತ್ತಿರಲಿಲ್ಲ. ಅದಕ್ಕೆ ಅಡುಗೆಮನೆಯವರು ನನಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ನಾನು ಚಹಾಕ್ಕೆ ಒಳಗೆ ಹೋದರೆ, "ಭೂತಗನ್ನಡಿ ಬಂದ್ಲು ಕಣ್ರೋ, ಎಲ್ಲಾ ಮೂಗು ಒರೆಸ್ಕೊಳ್ಳಿ" ಎನ್ನುತ್ತಿದ್ದರು.

ಕೆಲಸ ಕೊಡಿಸಿದ್ದು ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರು ಅಲ್ಲಿ ಮಾಲಿ. ನಾನು ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನ ಮನೆಯೇ ನನ್ನ ಮನೆ. ಅಡುಗೆ ಕೋಣೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ನನ್ನ ಮಂಚ, ಅದರ ಕಾಲ ಬಳಿ ಭಾವನ ಬೂಟು.

ಆರೈಕೆ ಮನೆಯ ನಡುವೆ ಒಂದು ಒಳ ಅಂಗಳವಿದೆ. ನಾಲ್ಕೂ ಕಡೆ ಮೂರು ಅಂತಸ್ತಿನ ಗೋಡೆ. ಬೇಸಿಗೆಯಲ್ಲೂ ನೆಲಕ್ಕೆ ಒಂದು ಗಂಟೆ ಬಿಸಿಲು ಬಿದ್ದರೆ ಹೆಚ್ಚು. ಅಲ್ಲಿ ಮೊದಲು ಹುಲ್ಲು ಹಾಕಿದರು, ಪಾಚಿಯಾಯಿತು. ಗುಲಾಬಿ ಹಾಕಿದರು, ಕಡ್ಡಿಯಾಯಿತು. ಕೊನೆಗೆ ಯಾರೋ ಹೇಳಿದರೆಂದು ಇಪ್ಪತ್ತೆರಡು ಕ್ಯಾಮೆಲಿಯಾ ಗಿಡ ತರಿಸಿದರು. ವರ್ಷವಿಡೀ ಹಸಿರಾಗಿರುವ ಪೊದೆ, ನೆರಳಲ್ಲೇ ಚಳಿಗಾಲದಲ್ಲಿ ಹೂ ಬಿಡುತ್ತದೆ ಎಂದಿದ್ದರು. ಎಲೆಗಳು ಎಣ್ಣೆ ಹಚ್ಚಿ ಒರೆಸಿದಂತೆ ಮಿರಮಿರ ಎನ್ನುತ್ತಿದ್ದುದರಿಂದ ನಮ್ಮ ಬಾಯಲ್ಲಿ ಅದು ಎಣ್ಣೆಗಿಡವಾಯಿತು. ಬಂದಾಗ ಅವು ಮೊಣಕಾಲೆತ್ತರದ ಕೂಸುಗಳು. ಹೂವಿಗೆ ಎರಡು ಮೂರು ವರ್ಷ ಕಾಯಬೇಕು ಎಂದು ತಂದವನು ಹೇಳಿ ಹೋದ.

ಭಾವ ಅವುಗಳನ್ನು ಸಾಕಿದ ರೀತಿ ನಾನು ನೋಡಿದ್ದೇನೆ. ನಲ್ಲಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಈ ಗಿಡಕ್ಕೆ ಆಗದು ಎಂದು ಮಾಡಿನ ಕೊಳವೆಯ ಕೆಳಗೆ ಡ್ರಮ್ ಇಟ್ಟು ಮಳೆನೀರು ಹಿಡಿದರು. ಬೇರು ಮೇಲೆಯೇ ಹರಡುತ್ತದೆ ಎಂದು ಬುಡಕ್ಕೆ ಗುದ್ದಲಿ ತಾಗಿಸಲಿಲ್ಲ. ಕಳೆಯನ್ನು ಕೈಯಲ್ಲೇ ಕಿತ್ತು, ಹೊರಗಿನ ಮರಗಳ ತರಗೆಲೆಯನ್ನು ಒಂದು ವರ್ಷ ಕೊಳೆಸಿ ಬುಡಕ್ಕೆ ಹಾಸುತ್ತಿದ್ದರು. ನೆಡುವಾಗ ಗುಂಡಿಯನ್ನು ಗೇಣಿಟ್ಟು ಅಳೆದು, "ಕತ್ತಿನ ತನಕ ಹೂತ್ರೆ ಯಾರು ತಾನೇ ಬದುಕ್ತಾರೆ?" ಎಂದಿದ್ದರು.

ಅವರಿಗೆ ಆಗದೇ ಇದ್ದದ್ದು ಒಂದೇ. ಕಣ್ಣು. ಎರಡೂ ಕಣ್ಣಿಗೆ ನೋಟದ ನಡುಭಾಗ ಮಸುಕಾಗುತ್ತ ಬರುತ್ತಿತ್ತು. ಕನ್ನಡಕದಿಂದ ಆಗುವುದಿಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ ಎಂದು ವೈದ್ಯರು ಹೇಳಿದ್ದರು. ಅಂಚಿನಲ್ಲಿ ಇರುವುದು ಕಾಣುತ್ತಿತ್ತು. ಹಾಗಾಗಿ ನಡೆಯುತ್ತಿದ್ದರು, ನೀರು ಹಾಕುತ್ತಿದ್ದರು, ಯಾರಿಗೂ ಸಂಶಯ ಬರುತ್ತಿರಲಿಲ್ಲ.

"ನೋಡಿದ್ದು ಕಾಣಲ್ಲ, ನೋಡದೇ ಇರೋದು ಕಾಣುತ್ತೆ. ನಿಮ್ಮಕ್ಕನ ಮುಖ ನೋಡ್ಬೇಕಂದ್ರೆ ಅವಳ ಕಿವಿ ನೋಡ್ಬೇಕು," ಎನ್ನುತ್ತಿದ್ದರು.

"ಇಷ್ಟು ವರ್ಷ ಮುಖ ನೋಡಿ ಕಡಿದು ಕಟ್ಟೆ ಹಾಕಿದ್ದು ಸಾಕು. ಕಿವಿಲಿ ಓಲೆನಾದ್ರೂ ಇದೆ, ನೋಡ್ಕೊಳ್ಳಿ," ಎನ್ನುತ್ತಿದ್ದಳು ಅಕ್ಕ.

ಈ ವಿಷಯ ನಮ್ಮ ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು. ಹೊರಗಿನ ದೊಡ್ಡ ತೋಟದಲ್ಲಿ ಬೇಲಿ ಕತ್ತರಿಸುವುದು, ಹುಲ್ಲು ಕೊಯ್ಯುವುದು ಎಲ್ಲಾ ಯಂತ್ರದಿಂದ. ಯಂತ್ರ ಹಿಡಿಯುವವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಅದರಲ್ಲಿ ಪಾಸಾಗದವರನ್ನು ಮನೆಗೆ ಕಳಿಸುತ್ತಾರೆ. ಒಳ ಅಂಗಳದಲ್ಲಿ ಮಾತ್ರ ಎಲ್ಲಾ ಕೈಕೆಲಸ, ಅಲ್ಲಿಯವರಿಗೆ ಪರೀಕ್ಷೆ ಇಲ್ಲ. ಭಾವನ ನಿವೃತ್ತಿಗೆ ಇನ್ನೂ ಹಲವು ವರ್ಷ ಬಾಕಿ. ಆ ಅಂಗಳ ಇರುವವರೆಗೆ ಅವರ ಕೆಲಸ ಇತ್ತು.

ಎಲೆಯ ಅಡಿಯಲ್ಲಿ ಕಂದು ಚಿಪ್ಪಿನ ಹಾಗೆ ಅಂಟಿಕೊಳ್ಳುವ ಒಂದು ಹುಳವಿದೆ. ಅದು ಭಾವನಿಗೆ ಕಾಣುತ್ತಿರಲಿಲ್ಲ. ಎರಡನೆಯ ವರ್ಷ ಅವರು ನನ್ನನ್ನು ಕರೆದು ಹೇಳಿದರು:

"ಕಿಟಕಿ ಒರೆಸೋಕೆ ಹೇಗೂ ಹೊರಗೆ ಬರ್ತೀಯಲ್ಲಮ್ಮ, ಹಾಗೇ ಗಿಡಾನೂ ಒಂದು ಸಲ ನೋಡ್ಬಿಡು. ಹುಳ ಗಿಳ ಕಂಡ್ರೆ ಒರೆಸಿ ತೆಗಿ. ಚಿಕ್ಕದೆಲ್ಲಾ ನಿಂದು, ದೊಡ್ಡದೆಲ್ಲಾ ನಂದು."

ನಾನು ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು ತೆಗೆದುಕೊಂಡು ಒಂದೊಂದು ಎಲೆಯನ್ನೂ ತಿರುವಿ ತೊಳೆದೆ. ಹೇಳಿದ್ದಕ್ಕಿಂತ ಹೆಚ್ಚು ಮಾಡುವುದು ನನ್ನ ಸ್ವಭಾವ. ಅದನ್ನು ಆಗ ಒಳ್ಳೆಯ ಸ್ವಭಾವ ಎಂದುಕೊಂಡಿದ್ದೆ. ಮಳೆಗಾಲ ಮುಗಿದು ಚಳಿ ಶುರುವಾಗುವ ಮುಂಚೆ, ಕೊಂಬೆಗಳ ತುದಿಯಲ್ಲಿ, ಎಲೆಯ ಕಂಕುಳಲ್ಲಿ, ಬಟಾಣಿಯಷ್ಟು ದಪ್ಪದ ಗುಂಡು ಗಂಟುಗಳು ಕಂಡವು. ಚಿಗುರಿನ ಮೊಗ್ಗು ನನಗೆ ಗೊತ್ತಿತ್ತು. ಅದು ತೆಳ್ಳಗೆ, ಚೂಪಾಗಿರುತ್ತದೆ. ಇವು ಹಾಗಿರಲಿಲ್ಲ. ಗಟ್ಟಿ, ಮೇಲೆ ಹುರುಪೆ ಹುರುಪೆ, ಕೆಲವು ಕಡೆ ಮೂರು ನಾಲ್ಕು ಒಟ್ಟಿಗೆ. ಇದೂ ಹುಳದ ಕೆಲಸವೇ, ಒಳಗೆ ಮೊಟ್ಟೆ ಇಟ್ಟಿದೆ ಎಂದು ತಿಳಿದು ಎಲ್ಲವನ್ನೂ ಚಿವುಟಿ ತೆಗೆದೆ. ವಾರಕ್ಕೆ ಮೂರು ಗಿಡ. ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕಸದ ಕೋಣೆಯಲ್ಲಿ ಬಿಟ್ಟೆ. ಭಾವನಿಗೆ ಹೇಳಲಿಲ್ಲ. ಮಾಡಿದ್ದನ್ನು ಹೇಳಿಕೊಂಡು ತಿರುಗಬಾರದು ಎಂದು ಅಮ್ಮ ಕಲಿಸಿದ್ದಳು.

ಮುಂದಿನ ವರ್ಷವೂ ಹೀಗೇ. ಗಿಡಗಳು ಎದೆಯೆತ್ತರಕ್ಕೆ ಬಂದವು. ಒಂದು ಹುಳ ಇಲ್ಲ, ಒಂದು ಹೂವೂ ಇಲ್ಲ.

ರೋಗಿಗಳು ಕಿಟಕಿಯಿಂದ ಭಾವನನ್ನು ಕೂಗಿ ಕೇಳುತ್ತಿದ್ದರು. "ಏನ್ ಮಾಲಿಗಳೇ, ನಿಮ್ಮ ಹೆಣ್ಮಕ್ಕಳು ಯಾವಾಗ ನಗ್ತಾರೆ?" ಭಾವ, "ನೀವು ಮನೆಗೆ ಹೋದ್ಮೇಲೆ ಸ್ವಾಮಿ, ನಾಚಿಕೆ ಅವಕ್ಕೆ" ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಬೂಟು ಬಿಚ್ಚದೆ ನನ್ನ ಮಂಚದ ತುದಿಯಲ್ಲಿ ಕೂತು, ನೀರು ಹೆಚ್ಚಾಯಿತೋ, ಗೊಬ್ಬರ ಕಡಿಮೆಯಾಯಿತೋ, ನೆರಳೇ ಅತಿಯಾಯಿತೋ ಎಂದು ಲೆಕ್ಕ ಹಾಕುತ್ತಿದ್ದರು. ಅಕ್ಕ ಒಳಗಿನಿಂದ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಿದ್ಲಂತೆ" ಎಂದಳು ಒಮ್ಮೆ. ಅವರು ನಗಲಿಲ್ಲ. ಆಮೇಲೆ ಅವಳು ಆ ಮಾತು ಆಡಲಿಲ್ಲ.

ನಾಲ್ಕನೆಯ ವರ್ಷ, ಭಾವನ ನಿವೃತ್ತಿಗೆ ಎರಡೂವರೆ ವರ್ಷ ಬಾಕಿ ಇರುವಾಗ, ಮೇಲ್ವಿಚಾರಕಿ ಮೇಡಂ ಅಂಗಳಕ್ಕೆ ಬಂದರು. ಕೆಟ್ಟವರಲ್ಲ. ಮಾತು ಮಾತ್ರ ಅಳೆದು ಕತ್ತರಿಸಿದ ಹಾಗೆ.

"ಇದು ಹೂವಿನ ಅಂಗಳ ಅಂತ ನಾನು ಎಲ್ಲರಿಗೂ ಹೇಳ್ಕೊಂಡು ಬಂದೆ. ನಾಲ್ಕು ವರ್ಷ ಆಯ್ತು. ತಿಂಗಳ ಕೊನೆಗೆ ಗಿಡ ಕೀಳಿಸ್ತೀನಿ, ಕಲ್ಲು ಹಾಸ್ತಾರೆ, ನಾಲ್ಕು ಬೆಂಚ್ ಹಾಕ್ತಾರೆ. ನೀವೇನೂ ಯೋಚನೆ ಮಾಡ್ಬೇಡಿ, ಹೊರಗಿನ ತೋಟದಲ್ಲಿ ಜನ ಬೇಕು. ಅಲ್ಲಿ ಹಾಕ್ತೀನಿ ನಿಮ್ಮನ್ನ."

"ಆಗ್ಲಿ ಮೇಡಂ," ಎಂದರು ಭಾವ. ಅವರು ಮೇಡಂ ಕಿವಿಯನ್ನು ನೋಡುತ್ತಿದ್ದರು.

ಅದೇ ತಿಂಗಳು ನಾನು ಸಂಜೆ ತರಗತಿಗೆ ಸೇರಿದ್ದೆ. ಹತ್ತನೆಯ ತರಗತಿಯನ್ನೂ ನಾನು ಸಂಜೆಯೇ ಓದಿ ಮುಗಿಸಿದ್ದು, ಆದ್ದರಿಂದ ದಾರಿ ಹೊಸದಲ್ಲ. ಈ ಸಲದ್ದು "ನೆರಳಿನ ತೋಟ" ಎಂಬ ಹತ್ತು ವಾರದ ಪಾಠ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತ ಹನ್ನೊಂದು ಜನ ದೊಡ್ಡವರು. ಮೇಷ್ಟ್ರು ನಿವೃತ್ತರು, ಉಗುರಿನ ಸಂದಿಯಲ್ಲಿ ಮಣ್ಣು. ಎರಡನೆಯ ವಾರ ಅವರು, "ಮನೇಲಿ ಯಾವ ಗಿಡಕ್ಕಾದ್ರೂ ಕಾಯಿಲೆ ಇದ್ರೆ ತಂದು ತೋರಿಸಿ" ಎಂದರು. ಆ ವರ್ಷದ ಚಿವುಟುವ ಕೆಲಸ ಆಗಲೇ ನಡೆದಿತ್ತು. ಮುಂದಿನ ಪಾಠದ ಹೊತ್ತಿಗೆ ಹದಿನೈದು ಗಿಡ ಮುಗಿದು ಏಳು ಉಳಿದಿತ್ತು. ಮೂರನೆಯ ವಾರ ನಾನು ಚೀಲದಿಂದ ಒಂದು ಹಿಡಿ ಗಂಟು ತೆಗೆದು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಇದಕ್ಕೆ ಮದ್ದು ಸಿಕ್ಕರೆ ಗಿಡ ಹೂ ಬಿಡಬಹುದು, ಅಂಗಳ ಉಳಿಯಬಹುದು ಎಂದು ನನ್ನ ಎಣಿಕೆ.

ಮೇಷ್ಟ್ರು ಒಂದನ್ನು ಬೆರಳಲ್ಲಿ ಉರುಳಿಸಿದರು. ನನ್ನ ಮುಖ ನೋಡಿದರು.

"ಎಲ್ಲಿಂದ ತಂದ್ರಮ್ಮ ಇದನ್ನ?"

"ಕ್ಯಾಮೆಲಿಯಾದಿಂದ ಸರ್. ಗಂಟು ರೋಗ."

"ಚಹಾ ಗಿಡದ ದಾಯಾದಿ ಇದು. ಅವಳು ಎಲೆ ಕೊಡ್ತಾಳೆ, ಇವಳು ಹೂ ಕೊಡ್ತಾಳೆ," ಎನ್ನುತ್ತ ಜೇಬಿನಿಂದ ಬ್ಲೇಡು ತೆಗೆದು ಗಂಟನ್ನು ಮೇಲಿನಿಂದ ಕೆಳಕ್ಕೆ ಸೀಳಿದರು. ಎರಡು ಹೋಳನ್ನೂ ನನ್ನ ಅಂಗೈ ಮೇಲೆ ಇಟ್ಟರು.

ಒಳಗೆ ಹುಳ ಇರಲಿಲ್ಲ. ಒಂದರೊಳಗೊಂದು ಒತ್ತಾಗಿ ಮಡಿಸಿಟ್ಟ ಎಸಳುಗಳಿದ್ದವು. ನಡುವೆ ಹಳದಿ ನೂಲಿನ ತುದಿಗಳು.

"ಒಂದೇ ಕಡೆ ಮೂರು ನಾಲ್ಕು ಬಂದ್ರೆ ಒಂದು ಉಳಿಸಿ ಮಿಕ್ಕಿದ್ದು ತೆಗೆಯೋದುಂಟು, ಹೂ ದೊಡ್ಡದಾಗ್ಲಿ ಅಂತ," ಎಂದರು ಮೇಷ್ಟ್ರು, ನನಗೆ ದಾರಿ ಮಾಡಿಕೊಡುವವರಂತೆ. "ನೀವು ಒಂದೊಂದು ಉಳಿಸಿದ್ದೀರಿ ತಾನೆ?"

"ಇಲ್ಲ ಸರ್. ನಾನು ಚೆನ್ನಾಗಿ ನೋಡಿ ತೆಗೆದೆ. ಒಂದನ್ನೂ ಬಿಟ್ಟಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕು ನಿಲ್ಲಿಸಿದರು. ನನಗೆ ಅಳು ಬರಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಬರಲಿಲ್ಲ. ಉಳಿದ ಪಾಠವನ್ನು ಪೂರ್ತಿ ಬರೆದುಕೊಂಡೆ. ಆ ಪುಟ ಈಗಲೂ ಇದೆ. ಅಕ್ಷರ ಒಂದೂ ಸೊಟ್ಟಗಿಲ್ಲ.

ಮನೆಗೆ ಬಂದಾಗ ಭಾವ ಅಂಗಡಿಗೆ ಹೋಗಿದ್ದರು. ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರು ಕೂತು, ಅವಳ ಜೊತೆ ಸೊಪ್ಪು ಬಿಡಿಸುತ್ತ ಎಲ್ಲಾ ಹೇಳಿದೆ. ಅವಳ ಕೈ ನಿಂತಿತು.

"ನೀನು ಮೊಸರಲ್ಲಿ ಕಲ್ಲು ಹುಡುಕೋಳು ಅಂತ ಗೊತ್ತಿತ್ತು. ಮೊಸರನ್ನೇ ಚೆಲ್ತೀಯ ಅಂತ ಗೊತ್ತಿರ್ಲಿಲ್ಲ ಕಣೇ."

"ಮೇಡಂಗೆ ಹೇಳ್ತೀನಿ ಅಕ್ಕ. ಏಳು ಗಿಡದಲ್ಲಿ ಇನ್ನೂ ಇವೆ. ಸೀಳಿ ತೋರಿಸಿದ್ರೆ ಗಿಡ ಕೀಳಿಸಲ್ಲ."

"ಹೇಳು. ಆಗ ಮೇಡಂ ಏನು ಕೇಳ್ತಾರೆ? ಇವಳು ಮೂರು ವರ್ಷ ಕೀಳ್ತಿದ್ರೆ ಮಾಲಿ ಏನು ನೋಡ್ತಿದ್ದ ಅಂತ ಕೇಳಲ್ವಾ?"

ನಾನು ಇನ್ನೊಂದು ದಂಟು ಎತ್ತಿಕೊಂಡೆ.

"ಹೇಳದೇ ಇದ್ರೆ ಅಂಗಳ ಹೋಗುತ್ತೆ. ಹೊರಗೆ ಹಾಕ್ತಾರೆ, ಕಣ್ಣಿನ ಪರೀಕ್ಷೆ ಆಗುತ್ತೆ," ಎಂದೆ ಆಮೇಲೆ.

"ಅಯ್ಯೋ, ಎತ್ತ ಹೋದ್ರೂ ಅಲ್ಲಿಗೇ ಬಂತಲ್ಲೇ." ಅವಳು ಬಿಡಿಸಿದ ಎಲೆಗಳನ್ನೇ ಮತ್ತೆ ದಂಟಿನ ಜೊತೆ ಸೇರಿಸಿಬಿಟ್ಟಳು, ಗೊತ್ತಿಲ್ಲದೆ. "ಏನಾದ್ರೂ ಮಾಡು. ಆದ್ರೆ ಮೊದ್ಲು ಅವರಿಗೆ ಹೇಳು. ಜನರ ಮುಂದೆ ಗೊತ್ತಾಗೋ ಹಾಗೆ ಮಾಡ್ಬೇಡ. ನನ್ನ ಬಾಯಿಂದ ಅದು ಬರಲ್ಲ, ನೀನೇ ಹೇಳು."

ಹೇಳುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ಭಾವ ಬೂಟಿನ ದಾರ ಕಟ್ಟುವಾಗ ನಾನು ಪಕ್ಕದಲ್ಲೇ ಇದ್ದೆ. ಅವರು ದಾರವನ್ನು ನೋಡದೆ ಬೆರಳಿನಿಂದಲೇ ಕಟ್ಟುತ್ತಿದ್ದರು. "ಭಾವ" ಎಂದೆ. "ಏನಮ್ಮ?" ಎಂದರು. "ಚಳಿ ಇದೆ, ಮಫ್ಲರ್ ಹಾಕ್ಕೊಳ್ಳಿ" ಎಂದೆ. ಅದರ ಮರುದಿನವೂ ಅಷ್ಟೇ ಆಯಿತು, ಮಾತು ಮಾತ್ರ ಬೇರೆ. ಹೀಗೆ ಆರು ದಿನ ಹೋಯಿತು. ಯಾಕೆ ಹೇಳಲಿಲ್ಲ ಎಂದರೆ, ಭಯ ಎನ್ನಬಹುದು. ಆದರೆ ಭಯವಾದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದೂ ಇರಲಿಲ್ಲ. ಕೈ ಕಾಲು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ಕಿಟಕಿಗಳು ಎಂದಿಗಿಂತ ಚೊಕ್ಕವಾಗಿದ್ದವು.

ಏಳನೆಯ ದಿನ ಗುದ್ದಲಿಯವರು ಇಬ್ಬರು ಬಂದರು. ತಿಂಗಳ ಕೊನೆ ಎಂದಿದ್ದವರು ಒಂದು ವಾರ ಮುಂಚೆಯೇ ಬಂದಿದ್ದರು. ಮೇಡಂ ಜೊತೆಯಲ್ಲಿದ್ದರು, ಭಾವ ಡ್ರಮ್ಮಿನ ಪಕ್ಕ ಕೈ ಕಟ್ಟಿ ನಿಂತಿದ್ದರು. ಗುದ್ದಲಿಯವನು ಮೊದಲ ಗಿಡದ ಬುಡದ ತರಗೆಲೆಯನ್ನು ಕಾಲಿನಿಂದ ಸರಿಸಿದ. ನಾನು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹೊರಗೆ ಹೋದೆ.

"ಮೇಡಂ, ಒಂದ್ನಿಮಿಷ. ಒಂದು ತಪ್ಪಾಗಿದೆ."

ಕೊನೆಯ ಸಾಲಿನಿಂದ ಒಂದು ಮೊಗ್ಗು ಕಿತ್ತು, ಕಿಟಕಿಯ ಬಣ್ಣ ಕೆರೆಯುವ ಬ್ಲೇಡಿನಿಂದ ಸೀಳಿ ತೋರಿಸಿದೆ. ಮೇಡಂ ಕನ್ನಡಕವನ್ನು ಹಣೆಗೇರಿಸಿ ಹತ್ತಿರದಿಂದ ನೋಡಿದರು.

"ಇದು ಹೂವಲ್ವಾ?"

"ಹೌದು ಮೇಡಂ. ಪ್ರತಿ ವರ್ಷ ಬರ್ತಿತ್ತು. ನಾನು ರೋಗ ಅಂತ ತಿಳ್ಕೊಂಡು ಕಿತ್ತೆ. ಮೂರು ವರ್ಷದಿಂದ. ಸಂಜೆ ತರಗತೀಲಿ ಮೇಷ್ಟ್ರು ಸೀಳಿ ತೋರಿಸಿದ್ಮೇಲೆ ಗೊತ್ತಾಯ್ತು. ಈ ಏಳು ಗಿಡದ್ದು ಕೀಳೋದು ಬಾಕಿ ಇತ್ತು, ಅದಕ್ಕೆ ಮೊಗ್ಗು ಉಳಿದಿವೆ."

ಗುದ್ದಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಹಣೆಯ ಮೇಲಿನ ಕನ್ನಡಕ ಇಳಿಸಿದರು. ಆಮೇಲೆ ಅಕ್ಕ ಹೇಳಿದ ಪ್ರಶ್ನೆಯನ್ನೇ ಕೇಳಿದರು, ಆದರೆ ನನ್ನನ್ನಲ್ಲ.

"ಅಲ್ರೀ ಮಾಲಿಗಳೇ, ಇವಳು ನಿಮ್ಮ ಕಣ್ಣೆದುರಿಗೇ ಮೂರು ವರ್ಷ ಮೊಗ್ಗು ಕೀಳ್ತಿದ್ರೆ, ನಿಮಗೆ ಕಾಣಿಸ್ಲಿಲ್ವಾ?"

ಭಾವ ಕಟ್ಟಿದ್ದ ಕೈ ಇಳಿಸಿದರು. ಅವರಿಗೆ ವಿಷಯ ಗೊತ್ತಾಗಿದ್ದೇ ಆ ಕ್ಷಣದಲ್ಲಿ. ನನ್ನ ಕಡೆ ತಿರುಗಲಿಲ್ಲ.

"ಕಾಣ್ತಿತ್ತು ಮೇಡಂ. ನಾನೇ ಹೇಳಿದ್ದು ಕೀಳು ಅಂತ."

"ನೀವಾ?"

"ಹ್ಞೂಂ. ರೋಗ ಅಂದ್ಕೊಂಡೆ. ಅವಳಿಗೇನು ಗೊತ್ತು ಪಾಪ, ನೆಲ ಒರೆಸೋಳು. ನಾನು ಹೇಳಿದ್ದು ಮಾಡಿದ್ಲು."

"ಮೂವತ್ತು ವರ್ಷ ತೋಟದ ಕೆಲಸ ಮಾಡಿ, ಮೊಗ್ಗು ಯಾವ್ದು ರೋಗ ಯಾವ್ದು ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಾಗ್ಲಿಲ್ಲ ಮೇಡಂ."

ಅದು ನಿಜವಲ್ಲ ಎಂದು ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಕೈಯಲ್ಲಿದ್ದ ಮೊಗ್ಗಿನ ಎರಡು ಹೋಳನ್ನು ಮತ್ತೆ ಒಂದಕ್ಕೊಂದು ಜೋಡಿಸಿ ಹಿಡಿದುಕೊಂಡು ನಿಂತಿದ್ದೆ.

ಮೇಡಂ ಗುದ್ದಲಿಯವರನ್ನು ವಾಪಸು ಕಳಿಸಿದರು. ಎಲ್ಲರೂ ಹೋದ ಮೇಲೆ ಭಾವ ಕೊನೆಯ ಸಾಲಿಗೆ ಹೋಗಿ, ಕೊಂಬೆಯ ಮೇಲೆ ಕೈ ಆಡಿಸಿ ಒಂದು ಮೊಗ್ಗನ್ನು ಹುಡುಕಿದರು. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿದು, "ಇಷ್ಟು ದಪ್ಪ ಇದೆಯಲ್ಲ" ಎಂದರು. ನನಗೆ ಹೇಳಿದ್ದೋ ಗಿಡಕ್ಕೋ.

ಮುಂದಿನ ಸೋಮವಾರ ಆದೇಶ ಬಂತು. ಭಾವನನ್ನು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದರು. ಒಗೆದು ಬಂದ ಹಾಸಿಗೆ ಬಟ್ಟೆ ಮಡಿಸಿ ಜೋಡಿಸುವ ಕೆಲಸ, ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ಅಂಗಳ ನನಗೆ ಬಂತು. "ಓದ್ತಾ ಇದ್ದೀಯಲ್ಲ, ನೀನೇ ನೋಡ್ಕೋ" ಎಂದರು ಮೇಡಂ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವ ಹಾಗಿರಲಿಲ್ಲ.

ಮನೆಯಲ್ಲಿ ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆ ಮುಂದೆ ತಳ್ಳಿ, "ತಿನ್ನು. ಹೋಗ್ಲಿ, ಮನೇಲಿ ಇಬ್ರಿಗೂ ಕೆಲ್ಸ ಇದೆಯಲ್ಲ" ಎಂದಳು. ಅವಳ ಮಟ್ಟಿಗೆ ಲೆಕ್ಕ ಸರಿಹೋಗಿತ್ತು. ಭಾವ ಎಂದಿನಂತೆ ಊಟ ಮಾಡಿದರು.

ಅಡುಗೆಮನೆಯವರು ಬಿಡಲಿಲ್ಲ. ಮಾಲಿಗೇ ಮೊಗ್ಗು ಗೊತ್ತಿಲ್ಲ ಎಂಬುದು ಅವರಿಗೆ ಆ ವರ್ಷದ ದೊಡ್ಡ ತಮಾಷೆಯಾಯಿತು. ಮೊಗ್ಗಯ್ಯ ಎಂದು ಹೆಸರಿಟ್ಟರು. ಭಾವ ಚಹಾಕ್ಕೆ ಬಂದರೆ ಒಬ್ಬ ಈರುಳ್ಳಿ ಎತ್ತಿ ಹಿಡಿಯುತ್ತಿದ್ದ.

"ಮೊಗ್ಗಯ್ಯನೋರೇ, ಇದು ಮೊಗ್ಗಾ, ರೋಗನಾ, ನೋಡಿ ಹೇಳಿ."

"ನಿನ್ನ ಕೈಲಿದ್ರೆ ರೋಗನೇ ಕಣಪ್ಪ," ಎನ್ನುತ್ತಿದ್ದರು ಭಾವ. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ನಾನು ಲೋಟ ತೊಳೆಯುತ್ತಿದ್ದೆ. ಮೂವತ್ತು ವರ್ಷದಲ್ಲಿ ಯಾರೂ ಅವರ ಕೆಲಸದಲ್ಲಿ ಬೆರಳಿಟ್ಟು ತೋರಿಸಿದ್ದಿಲ್ಲ.

ಆ ಚಳಿಗಾಲ ಏಳು ಗಿಡವೂ ಹೂ ಬಿಟ್ಟವು. ಮಾಸಲು ಗುಲಾಬಿ ಬಣ್ಣ, ಅಂಗೈ ಅಗಲ. ಎಸಳು ಉದುರುವುದಿಲ್ಲ, ಇಡೀ ಹೂವೇ ತೊಟ್ಟು ಕಳಚಿ ಬೀಳುತ್ತದೆ. ಬಿದ್ದದ್ದನ್ನು ಬುಡದಲ್ಲಿ ಕೊಳೆಯಲು ಬಿಡಬಾರದು ಎಂದು ಮೇಷ್ಟ್ರು ಹೇಳಿದ್ದರಿಂದ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಆರಿಸುತ್ತಿದ್ದೆ. ರೋಗಿಗಳು ಕುರ್ಚಿಗಳನ್ನು ಕಿಟಕಿಗೆ ಎಳೆದುಕೊಂಡರು. ಮಂಡಿ ಶಸ್ತ್ರಚಿಕಿತ್ಸೆಯಾದ ಒಬ್ಬ ಅಜ್ಜಿ, "ಚೆನ್ನಾಗಿದೆ, ಆದ್ರೆ ವಾಸನೆನೇ ಇಲ್ವಲ್ಲೇ, ಕಾಗದದ ಹೂವಿನ ಹಾಗೆ" ಎಂದರು. ಹೌದಜ್ಜಿ ಎಂದೆ. ಕಾದ ಹೂವನ್ನು ಕಂಡಾಗ ಏನೋ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಬುಟ್ಟಿ ತುಂಬಿತು, ಸುರಿದು ಬಂದೆ.

ಭಾವನನ್ನು ಅಂಗಳಕ್ಕೆ ಬನ್ನಿ ಎಂದು ಎರಡು ಸಲ ಕರೆದೆ. "ಬಟ್ಟೆ ಬಂದಿದೆ, ಆಮೇಲೆ ನೋಡೋಣ" ಎಂದರು. ನೆಲಮಾಳಿಗೆಯಲ್ಲಿ ಕಿಟಕಿ ಇಲ್ಲ. ಅವರು ಮಡಿಸಿದ ಬಟ್ಟೆಗಳ ಅಂಚು ಮಾತ್ರ ದಾರ ಹಿಡಿದಂತೆ ನೇರ. ಒಂದು ದಿನ ಊಟಕ್ಕೆ ಕೂತಾಗ ಅವರಾಗಿಯೇ ಕೇಳಿದರು.

"ಯಾವ ಬಣ್ಣ ಬಂತಮ್ಮ?"

"ಗುಲಾಬಿ ಭಾವ. ಸ್ವಲ್ಪ ಮಾಸಲು."

"ನಾನು ಬಿಳಿ ಅಂದ್ಕೊಂಡಿದ್ದೆ," ಎಂದು ನೀರು ಕುಡಿದರು.

ಕಳೆದ ವರ್ಷ ಅವರು ನಿವೃತ್ತರಾದರು. ಈಗ ಇಪ್ಪತ್ತೆರಡೂ ಗಿಡ ಹೂ ಬಿಡುತ್ತವೆ. ಅವರ ಕಣ್ಣು ಇನ್ನಷ್ಟು ಹೋಗಿದೆ, ಅದನ್ನು ಮುಚ್ಚಿಡುವ ಅಗತ್ಯವೂ ಈಗಿಲ್ಲ. ಅಡುಗೆಮನೆಯವರಿಗೂ ತಿಳಿದು ಹೋಯಿತು. ಒಬ್ಬ ಮಾತ್ರ, "ಅಯ್ಯೋ, ನಮಗೆ ಗೊತ್ತಿರ್ಲಿಲ್ಲ" ಎಂದ. ಆ ದಿನ ಅಂಗಳದಲ್ಲಿ ಅವರು ಹೇಳಿದ ಸುಳ್ಳಿನ ಬಗ್ಗೆ ಮನೆಯಲ್ಲಿ ಇದುವರೆಗೆ ಯಾರೂ ಮಾತೆತ್ತಿಲ್ಲ. ಕೇಳಬೇಕೆಂದು ನಾನು ಹಲವು ಸಲ ಅವರ ಪಕ್ಕ ಹೋಗಿ ಕೂತಿದ್ದೇನೆ. ಅವರು "ಏನಮ್ಮ?" ಎನ್ನುತ್ತಾರೆ. ನಾನು ಬೇರೆ ಏನೋ ಹೇಳುತ್ತೇನೆ.

ಅವರು ಹಾಗೆ ಹೇಳಿದ್ದು ನನ್ನನ್ನು ಉಳಿಸಲೋ, ತಮ್ಮ ಕಣ್ಣಿನ ವಿಷಯ ಮುಚ್ಚಿಡಲೋ ನನಗೆ ಗೊತ್ತಿಲ್ಲ. ನಾನು ಸುಮ್ಮನೆ ನಿಂತದ್ದು ಯಾಕೆ ಎಂಬುದೂ ಗೊತ್ತಿಲ್ಲ.